ಭೀಮಕ್ಕನ ತೂಕಕ್ಕೆ ಇಬ್ಬರು, ಮೇಲೊಂದು ಗುಂಡುಕಲ್ಲು

ಗೋಣಿಹಾಳಿನಲ್ಲಿ ಸಿಹಿನೀರಿನ ಬಾವಿ ಇದ್ದದ್ದು ಒಂದೇ, ಗುಡಿ ಒಂದೇ, ತಲೆ ಬೋಳಿಸುವವನು ಒಬ್ಬನೇ. ಭೀಮಕ್ಕ ಯಾಕೆ ಅಷ್ಟು ದಪ್ಪ ಎನ್ನುವುದಕ್ಕೆ ಮಾತ್ರ ಮನೆಗೊಂದು ಕಾರಣವಿತ್ತು. ಮೇಲುಕೇರಿಯಲ್ಲಿ ಕೇಳಿದರೆ ಅವಳು ಕದ್ದು ತಿನ್ನುತ್ತಾಳೆ. ಕೆಳಕೇರಿಯಲ್ಲಿ ಕೇಳಿದರೆ, ಕೂಸು ಸತ್ತು ಹುಟ್ಟಿದ ಬಾಣಂತನದಲ್ಲಿ ಸೊಂಟಕ್ಕೆ ಸರಿಯಾಗಿ ಬಟ್ಟೆ ಬಿಗಿಯಲಿಲ್ಲ, ವಾಯು ಒಳಗೇ ಕೂತುಬಿಟ್ಟಿತು. ಬಾವಿಕಟ್ಟೆಯವರ ಪ್ರಕಾರ ಅವಳ ತವರಾದ ಸಾಸ್ವೆಹಳ್ಳಿಯ ಹೊಳೆನೀರೇ ಅಂಥದ್ದು. ಅದೇ ನೀರು ಕುಡಿದ ಉಳಿದ ಸಾವಿರ ಜನ ಯಾಕೆ ಸಣಕಲಾಗಿದ್ದಾರೆ ಎಂದು ಯಾರೂ ಕೇಳಲಿಲ್ಲ. ಹಗಲುನಿದ್ದೆ ಎನ್ನುವವರೂ ಇದ್ದರು. ಕೋಳಿ ಕೂಗುವ ಮೊದಲೇ ಅವಳ ಬೀಸುಕಲ್ಲಿನ ಸದ್ದು ಕೇಳಿಸಿಕೊಂಡು, ಮಗ್ಗುಲು ಬದಲಿಸಿ ಮತ್ತೆ ಗೊರಕೆ ಹೊಡೆಯುತ್ತಿದ್ದವರು ಅವರೇ.

ಭೀಮಕ್ಕನಿಗೆ ಈ ಕಾರಣಗಳೆಲ್ಲ ಬಾಯಿಪಾಠ. ನಲವತ್ತು ದಾಟಿದ ಹೆಂಗಸು, ಮಕ್ಕಳಿಲ್ಲ, ಗಂಡ ದುರುಗಪ್ಪ ಸತ್ತು ಆರು ವರ್ಷ. ಅವಳ ನಾಲಿಗೆ ಊರಿಗೆಲ್ಲ ಗೊತ್ತು. “ಕೆಲಸ ಇಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ. ನಿಮಗೆ ಕೆತ್ತಾಕೆ ನನ್ನ ಮೈ ಸಿಕ್ಕೈತೆ” ಎಂದು ಮುಖದ ಮೇಲೇ ಹೇಳುತ್ತಿದ್ದಳು. ಆದರೆ ತಾನು ಯಾಕೆ ದಪ್ಪ ಎಂದು ಅವಳಿಗೂ ಗೊತ್ತಿರಲಿಲ್ಲ. ತಂಗಿ ಅಂಜಮ್ಮನೂ ಅವಳೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಉಂಡವರು, ದೊಡ್ಡ ತುಂಡು ಯಾವಾಗಲೂ ಅಂಜಮ್ಮನಿಗೆ. ಆಕೆ ಇವತ್ತಿಗೂ ತೊಗರಿಕಡ್ಡಿ, ಇವಳು ಹದಿನೆಂಟಕ್ಕೇ ರಾಗಿ ಕಣಜ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಮರ್ಯಾದೆ ಊರಿನಲ್ಲಿ ಒಬ್ಬನಿಗಾದರೂ ಬೇಡವೇ ಎಂದು ಅವಳಿಗೆ ಸಿಟ್ಟು.

ಅವಳ ಎಡಗೈಯಲ್ಲಿ ಒಂದು ಬೆಳ್ಳಿ ಕಡಗವಿತ್ತು. ಮದುವೆಯ ವರ್ಷ ನ್ಯಾಮತಿ ಸಂತೆಗೆ ಎತ್ತು ಹೊಡೆದುಕೊಂಡು ಹೋಗಿದ್ದ ದುರುಗಪ್ಪ ತಂದು ತಾನೇ ತೊಡಿಸಿದ್ದು. ಆಗ ಅದು ಮೊಣಕೈವರೆಗೆ ಜಾರಾಡುತ್ತಿತ್ತು. ಆಮೇಲೆ ಮಾಂಸ ಅದನ್ನು ಹಿಡಿದುಕೊಂಡಿತು, ತಿರುಗಿಸಿದರೂ ತಿರುಗುತ್ತಿರಲಿಲ್ಲ. ದುರುಗಪ್ಪ ಸತ್ತ ಹತ್ತನೆಯ ದಿನ ಹೆಂಗಸರು ಅವಳನ್ನು ಕೆರೆದಂಡೆಯಲ್ಲಿ ಕೂರಿಸಿ ಬಳೆ ಒಡೆದರು, ತಾಳಿ ತೆಗೆದರು, ಕಡಗಕ್ಕೆ ಕೈ ಹಾಕಿದರು. ಹರಳೆಣ್ಣೆ ಸವರಿದರು. ಅಂಟುವಾಳದ ನೊರೆ ಹಚ್ಚಿದರು. ಇಬ್ಬರು ತೋಳು ಹಿಡಿದರು, ಇಬ್ಬರು ಎಳೆದರು. ಚರ್ಮ ಕಿತ್ತು ರಕ್ತ ಬಂತೇ ಹೊರತು ಕಡಗ ಬರಲಿಲ್ಲ. ಕೊನೆಗೆ ಕೇರಿಗೆ ಹಿರಿಯಳಾದ ಕರಿಯಕ್ಕ, “ಬಿಡ್ರೇ, ಹೆಣದ ಜೊತೆ ಹೋಗ್ಲಿ ಅದು” ಎಂದು ಕೈ ತೊಳೆದುಕೊಂಡಳು. ಜನ್ಮವಿಡೀ ಬೈಸಿಕೊಂಡ ತನ್ನ ಮೈಗೆ ಭೀಮಕ್ಕ ಅವತ್ತೊಂದು ದಿನ ಮನಸ್ಸಿನಲ್ಲೇ ಕೈಮುಗಿದಳು. ಗಂಡನದು ಅಂತ ಉಳಿದದ್ದು ಅದೊಂದೇ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಮಳೆ ಕೈಕೊಟ್ಟಿತು. ಸರ್ಕಾರ ಅಲ್ಲಲ್ಲಿ ಗಂಜಿಮನೆ ತೆರೆಯಿತು. ಗೋಣಿಹಾಳಿನದು ಗುಡಿಯ ಹಿಂದಿನ ಚಪ್ಪರದಲ್ಲಿ. ನೋಡಲು ಚನ್ನಗಿರಿಯಿಂದ ಬಂದ ತಾಲ್ಲೂಕು ಅಮಲ್ದಾರರು, ಮೂವರು ಸೇರಿ ಹೊರುವ ಕೊಪ್ಪರಿಗೆಯನ್ನು ಭೀಮಕ್ಕ ಒಬ್ಬಳೇ ಓರೆ ಮಾಡಿ ಬಗ್ಗಿಸುವುದನ್ನು ಕಂಡು, ಸೌಟು ಈಕೆಯ ಕೈಯಲ್ಲೇ ಇರಲಿ ಎಂದು ಹೇಳಿ ಹೋದರು. ಸಂಬಳವೇನಿಲ್ಲ. ಹೊತ್ತಿಗೆ ಎರಡು ಸೌಟು ಗಂಜಿ, ಸಾಲಿನಲ್ಲಿ ನಿಂತ ಎಲ್ಲರಿಗೂ ಸಿಕ್ಕಷ್ಟೇ. ರಾಗಿಹಿಟ್ಟು, ಜೋಳದ ನುಚ್ಚು ಹಾಕಿ, ಸೌಟು ನೆಟ್ಟರೆ ನಿಲ್ಲಬೇಕು, ಹಾಗೆ ಕಾಯಿಸುತ್ತಿದ್ದಳು. ಸಾಲಿನಲ್ಲಿ ಊರಿನವರು ಮೂವತ್ತು ಜನ. ಮಿಕ್ಕವರು ಜಗಳೂರು ಕಡೆಯಿಂದ ನಡೆದು ಬಂದು ಕೆರೆಯ ಮಗ್ಗುಲಿನ ಮಂಟಪದಲ್ಲಿ ಬಿಡಾರ ಹೂಡಿದ್ದ ಕೂಲಿಯವರು. ಅವರಲ್ಲಿ ಪಾಲಣ್ಣ ಎಂಬ ಮುದುಕ, ಅವನ ತಂಗಿ ಚೌಡಕ್ಕ. ಚೌಡಕ್ಕ ಒಂದು ದಿನವೂ “ಇನ್ನೊಂಚೂರು ಹಾಕವ್ವಾ” ಎಂದವಳಲ್ಲ. ಅದಕ್ಕೇ ಭೀಮಕ್ಕ ಅವಳ ಮಡಕೆಗೆ ತಳದ ಗಟ್ಟಿಯನ್ನೇ ಬಗ್ಗಿಸುತ್ತಿದ್ದಳು.

ಪಟೇಲ ಮಲ್ಲೇಶಪ್ಪನಿಗೆ ಇದು ಸರಿಕಾಣಲಿಲ್ಲ. ಸರ್ಕಾರದ ರಾಗಿಯ ಬೀಗದಕೈ ತನ್ನ ಉಡಿದಾರದಲ್ಲಿದ್ದೂ ಸೌಟು ಮಾತ್ರ ಇನ್ನೊಬ್ಬರ ಕೈಯಲ್ಲಿದ್ದರೆ ಅದೆಂಥ ಪಟೇಲಿಕೆ? ಆ ಹೆಂಗಸೋ, ಕೊಪ್ಪರಿಗೆಗೆ ಹಿಟ್ಟು ಸುರಿಯುವಾಗ ಸಾಲಿನವರಿಗೆಲ್ಲ ಕೇಳುವ ಹಾಗೆ ಕೊಳಗ ಎಣಿಸುತ್ತಿದ್ದಳು. ಒಂದು ಸಲ ಅವನು, ಮನೆಗೆ ನೆಂಟರು ಬಂದಿದ್ದಾರೆ, ಎರಡು ಕೊಳಗ ಹಿಟ್ಟು ಕಳಿಸು ಎಂದು ಆಳಿನ ಕೈಲಿ ಹೇಳಿಸಿದ. “ನೆಂಟರನ್ನ ಮಡಕೆ ತಗಂಡು ಸಾಲಿಗೆ ಬರಾಕೆ ಹೇಳು” ಎಂದು ಭೀಮಕ್ಕ ಅದೇ ಆಳಿನ ಕೈಲಿ ವಾಪಸು ಹೇಳಿಸಿದಳು. ಅವತ್ತಿನಿಂದ ಪಟೇಲನ ಕಣ್ಣಿಗೆ ಅವಳು ಇನ್ನೂ ದಪ್ಪಗೆ ಕಾಣತೊಡಗಿದಳು. ಅವನ ತಮ್ಮನ ಹೆಂಡತಿ ಕಸ್ತೂರಮ್ಮ ಮನೆಯಲ್ಲೇ ಇದ್ದಳು. ಸಣ್ಣ ನಡುವಿನವಳು, ಭಾವ ಗೀಟಿದ ಗೆರೆ ದಾಟದವಳು. ಸೌಟು ಅವಳ ಕೈಗೆ ಬರಬೇಕಿತ್ತು.

ಪಟೇಲನ ಮೈಯೋ, ಒಣಗಿದ ನುಗ್ಗೆಕಾಯಿ. ಸಂತೇಬೆನ್ನೂರಿನ ಒಂದು ಮದುವೆಯಲ್ಲಿ ಅವನು ಹನ್ನೊಂದು ಹೋಳಿಗೆ ಮುಗಿಸಿ, ತುಪ್ಪ ಸುರಿಸಿಕೊಂಡು ಎಲೆ ಒರೆಸಿದ್ದನ್ನು ಭೀಮಕ್ಕ ತಾನೇ ಬಡಿಸಿ ನೋಡಿದ್ದಳು. ಅವನು ತಿಂದರೆ, ಆಹಾ ಜಠರಾಗ್ನಿ ಅಂದರೆ ಅದು ಎಂದು ಪಂಕ್ತಿಯೆಲ್ಲ ತಲೆದೂಗುತ್ತಿತ್ತು. ಅವಳು ಎರಡು ಸೌಟು ಗಂಜಿ ಕುಡಿದರೆ ಹೊಟ್ಟೆಬಾಕಿ. ಉಂಡದ್ದನ್ನು ನೋಡಿ ತೀರ್ಪು ಕೊಡುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ, ಎಲ್ಲರೂ ಮೈ ನೋಡಿಯೇ ಉಂಡದ್ದನ್ನು ಲೆಕ್ಕ ಹಾಕುತ್ತಿದ್ದರು.

ಒಂದು ಸೋಮವಾರ ಅವಳನ್ನು ಚಾವಡಿಗೆ ಕರೆಸಿದರು. ಪಟೇಲನ ಮೂಲವ್ಯಾಧಿಗೆ ಔಷಧ ಕೊಡಲು ಬಂದಿದ್ದ ನ್ಯಾಮತಿಯ ಪಂಡಿತ ತಿಪ್ಪೇರುದ್ರಸ್ವಾಮಿ ಕಂಬಕ್ಕೆ ಒರಗಿ ಕೂತಿದ್ದ. ಊರಿಗೆ ಕಾಲರಾ ಸೂಜಿ ಹಾಕಲು ಬಂದಿದ್ದ ಕಂಪೌಂಡರ್ ರೇವಣ್ಣನೂ ಇದ್ದ. ಜಗಲಿಯ ತುಂಬ ಜನ.

“ಊರಿಗೆ ಊರೇ ಒಣಗಿ ಸೌದೆ ಆಗೈತೆ” ಎಂದ ಪಟೇಲ. “ನೀನೊಬ್ಳು ಹೆಂಗೆ ಹಿಂಗಿದೀಯ, ಭೀಮಕ್ಕ? ಇದು ಬಡವರ ಗಂಜಿ ಕುಡಿದು ಬೆಳೆದ ಮೈಯಲ್ಲದೆ ಇನ್ನೇನು?”

“ಗಂಜಿಮನೆ ಶುರುವಾಗಿ ಮೂರು ತಿಂಗ್ಳು ಗೌಡ್ರೇ. ನಾನು ದಪ್ಪಗಾಗಿ ಇಪ್ಪತ್ತೈದು ವರ್ಷ. ಗಂಜಿ ಹಿಂದಕ್ಕೆ ಹರೀತಾ?”

ಜಗಲಿಯ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಪಟೇಲ ಪಂಡಿತನ ಮುಖ ನೋಡಿದ. ಪಂಡಿತ ಗಂಟಲು ಸರಿಮಾಡಿಕೊಂಡು, ಇದು ಕಫದ ಮೈ, ಮೇದಸ್ಸು ನರಗಳ ದಾರಿ ಕಟ್ಟಿದೆ, ಬಿಸಿನೀರಿಗೆ ಜೇನು ಹಾಕಿ ತನ್ನ ಚೂರ್ಣ ಬೆರೆಸಿ ಕುಡಿದರೆ ಬೆಣ್ಣೆ ಕರಗಿದ ಹಾಗೆ ಕರಗುತ್ತದೆ ಎಂದ.

“ಸ್ವಾಮ್ಯಾರೇ, ನಿಮ್ಮ ಹೊಟ್ಟೆ ನಿಮಗಿಂತ ಮೊದ್ಲೇ ಚಾವಡಿಗೆ ಬಂತಲ್ಲ. ಮನೇಲಿ ಚೂರ್ಣ ತೀರಿತ್ತೇನು?”

ಈ ಸಲ ನಗು ಜೋರಾಯಿತು. ಪಂಡಿತ ಶಲ್ಯವನ್ನು ಹೊಟ್ಟೆಯ ಮೇಲೆ ಎಳೆದುಕೊಂಡ. ಆಗ ರೇವಣ್ಣ ಮೆಲ್ಲಗೆ, “ಗಂಟಲಾಗೆ ಒಂದು ಗ್ಲ್ಯಾಂಡ್ ಐತಂತ್ರೀ. ಅದು ಸೋಮಾರಿ ಬಿದ್ರೆ ಮೈ ಊದ್ತದಂತೆ. ಇರಬೌದು, ಇಲ್ದಿರಬೌದು. ನಮ್ಮ ಡಾಕ್ಟ್ರೇ ಖಚಿತ ಹೇಳಲ್ಲ. ಕೆಲವು ಮನೆತನದಾಗೆ ರಕ್ತದಾಗೇ ಬರ್ತೈತೆ ಅಂತಾನೂ ಅಂತಾರೆ” ಎಂದ.

“ಗಂಟಲು ಸೋಮಾರಿ ಆಗಿದ್ರೆ ಇವರನ್ನೆಲ್ಲಾ ಬೈಯಾಕೆ ನನಗೆ ಹೆಂಗಾಗ್ತಿತ್ತಪ್ಪಾ?” ಎಂದಳು ಭೀಮಕ್ಕ. ಆದರೂ ಅವನ ಮಾತು ಅವಳಿಗೆ ಹಿಡಿಸಿತು. ‘ಇರಬೌದು, ಇಲ್ದಿರಬೌದು’ ಎಂಬ ಮಾತನ್ನು ಆ ಚಾವಡಿ ಹಿಂದೆಂದೂ ಕೇಳಿರಲಿಲ್ಲ. ಕೇಳಿದ್ದು ಯಾರಿಗೂ ರುಚಿಸಲೂ ಇಲ್ಲ, ಕಂಪೌಂಡರನಿಗೆ ಏನೂ ಗೊತ್ತಿಲ್ಲ ಎಂದು ಆ ಕ್ಷಣವೇ ತೀರ್ಮಾನವಾಯಿತು.

ಪಟೇಲ ಒಂದು ಪರೀಕ್ಷೆ ಕಟ್ಟಿದ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಭೀಮಕ್ಕ ಗುಡಿಯ ಜಗಲಿ ಬಿಟ್ಟು ಇಳಿಯಬಾರದು. ಗಂಜಿಮನೆಯ ಗಂಜಿ, ಹೊತ್ತಿಗೆ ಎರಡು ಸೌಟು, ಎಲ್ಲರ ಕಣ್ಣೆದುರಿಗೇ ಕುಡಿಯಬೇಕು. ಕರಿಯಕ್ಕ ಕಾವಲು. ಅಷ್ಟು ದಿನ ಸೌಟು ಕಸ್ತೂರಮ್ಮನ ಕೈಗೆ. ಮೊದಲ ದಿನ ಒಂದು ತೂಕ, ಕೊನೆಯ ದಿನ ಒಂದು ತೂಕ.

“ತೂಗಿ ಏನು ಮಾಡ್ತೀರಿ?” ಎಂದಳು ಭೀಮಕ್ಕ. “ಇಳಿದ್ರೆ, ನೋಡ್ರಪ್ಪಾ, ಇಷ್ಟು ದಿನ ಕದ್ದು ತಿಂತಿದ್ಳು, ಈಗ ಸಿಗಲಿಲ್ಲ, ಇಳಿದ್ಳು ಅಂತೀರಿ. ಇಳೀದಿದ್ರೆ, ಕಾವಲಿದ್ರೂ ಕದ್ಳು, ಎಂಥಾ ಕಳ್ಳಿ ಅಂತೀರಿ. ಒಲ್ಲೆ ಅಂದ್ರೆ, ಹೆದರಿದ್ಳು ಅಂತೀರಿ. ಮೂರು ಬಾಗ್ಲಿಗೂ ನೀವೇ ನಿಂತೀರಲ್ಲ, ನಾನು ಹೊರಗೆ ಬರೋ ಬಾಗ್ಲು ಯಾವುದ್ರೀ?”

ಉತ್ತರ ಇಲ್ಲದ ಮೇಲೆ ಊರು ಯಾವಾಗಲೂ ಮಾಡುವುದನ್ನೇ ಮಾಡಿತು. ದೊಡ್ಡ ಬಾಯಿ ಮಾಡಬೇಡ ಎಂದು ಅವಳನ್ನೇ ಗದರಿತು. ಭೀಮಕ್ಕ ಒಪ್ಪಿಕೊಂಡಳು. ಒಪ್ಪದಿದ್ದರೆ ಅವತ್ತೇ ಸೌಟು ಹೋಗುತ್ತಿತ್ತು, ಜೊತೆಗೆ ಕಳ್ಳಿ ಎಂಬ ಹೆಸರು ಹೆಣದವರೆಗೆ ಬರುತ್ತಿತ್ತು.

ಪಟೇಲನ ಅಡಿಕೆ ತೂಗುವ ದೊಡ್ಡ ತಕ್ಕಡಿಯನ್ನು ಗುಡಿಯ ಮುಂದಿನ ಹುಣಸೆಮರಕ್ಕೆ ನೇತುಹಾಕಿದರು. ಅದರ ಎರಡು ಹಲಗೆಗಳ ಮೇಲೆ ಅಡಿಕೆ ಮೂಟೆ ಕೂರುವ ಹಾಗೆ ಮನುಷ್ಯರೂ ಕೂರಬಹುದಿತ್ತು. ಆದರೆ ತೂಕದ ಕಲ್ಲುಗಳಿರಲಿಲ್ಲ, ಸರ್ಕಾರಿ ಮುದ್ರೆ ಹಾಕಿಸಲು ಚನ್ನಗಿರಿಗೆ ಹೋಗಿದ್ದವು. ಕಾಯೋಣ ಎಂದ ರೇವಣ್ಣ. ಪಟೇಲನಿಗೆ ಅದಕ್ಕಿಂತ ಚೆಂದದ ಆಟ ಹೊಳೆಯಿತು.

“ಕಲ್ಲು ಯಾಕೆ? ಸಾಲಿನಾಗಿಂದ ಇಬ್ರನ್ನ ಎತ್ತಿ ಕೂರ್ಸ್ರೋ. ಇವಳು ಎಷ್ಟು ಜನರದ್ದು ತಿಂದಾಳೆ ಅಂತ ಊರೇ ನೋಡ್ಲಿ!”

ಪಾಲಣ್ಣನನ್ನೂ ಚೌಡಕ್ಕನನ್ನೂ ಕರೆತಂದರು. ಗಂಜಿಗೆ ನಿಂತವರು ಇಲ್ಲ ಎನ್ನುವುದುಂಟೇ? ಅಣ್ಣತಂಗಿ ಒಂದು ಹಲಗೆಯ ಮೇಲೆ ಮಂಡಿ ಮಡಚಿ, ತಲೆ ತಗ್ಗಿಸಿ ಕೂತರು. ಇನ್ನೊಂದರ ಮೇಲೆ ಭೀಮಕ್ಕ. ಹಗ್ಗ ಕಿರುಗುಟ್ಟಿತು. ಇಬ್ಬರೂ ಸೇರಿದರೂ ಸ್ವಲ್ಪ ಸಾಲದಾಯಿತು. ಪಕ್ಕದ ಮನೆಯ ಒರಳಿನಿಂದ ರುಬ್ಬುವ ಗುಂಡುಕಲ್ಲನ್ನು ತಂದು ಚೌಡಕ್ಕನ ಮಡಿಲಲ್ಲಿ ಇಟ್ಟ ಮೇಲೆ ತಕ್ಕಡಿಯ ದಂಡಿಗೆ ಸಮವಾಗಿ ನಿಂತಿತು. ಜನ ಹೋ ಎಂದು ಕೂಗಿದರು. ಪಟೇಲ ಇದ್ದಿಲು ತಂದು ಗುಡಿಯ ಗೋಡೆಯ ಮೇಲೆ ತನ್ನ ಕೈಯಾರೆ ಬರೆದ: ‘ಭೀಮಕ್ಕ, ಪಾಲಣ್ಣ ಚೌಡಕ್ಕ ಗುಂಡುಕಲ್ಲಿಗೆ ಸಮ.’ ಕೊನೆಯ ದಿನವೂ ಇದೇ ಇಬ್ಬರು, ಇದೇ ಕಲ್ಲು, ಮೋಸಕ್ಕೆ ಎಡೆ ಇರಬಾರದು ಎಂದು ಸಾರಿದ.

ಹಲಗೆಯಿಂದ ಇಳಿಯುವಾಗ ಚೌಡಕ್ಕ ಭೀಮಕ್ಕನ ಹತ್ತಿರ ಬಂದು, “ತಪ್ಪು ತಿಳ್ಕೋಬ್ಯಾಡವ್ವಾ” ಎಂದಳು. ನಾಚಿಕೆಯಾಗಬೇಕಾದವರು ನಗುತ್ತಿದ್ದರು, ಇವಳು ಕ್ಷಮೆ ಕೇಳುತ್ತಿದ್ದಳು.

ಜಗಲಿಯ ಮೇಲೆ ಕೂತವಳಿಗೆ ಗಂಜಿಯ ರುಚಿ ಮೂರನೆಯ ದಿನವೇ ತಿಳಿಯಿತು. ಹತ್ತನೆಯ ದಿನ ಬಟ್ಟಲಲ್ಲಿ ಅವಳ ಮುಖವೇ ಕಾಣುತ್ತಿತ್ತು. ಕಸ್ತೂರಮ್ಮ ಕೊಳಗ ಎಣಿಸುತ್ತಿರಲಿಲ್ಲ, ಭಾವನ ಮನೆಯಿಂದ ಪುಟ್ಟಿಯಲ್ಲಿ ಬಂದಷ್ಟು ಹಿಟ್ಟು ಹಾಕಿ ನೀರು ಸುರಿಯುತ್ತಿದ್ದಳು. ಕೆಟ್ಟವಳಲ್ಲ ಕಸ್ತೂರಮ್ಮ. ಕೇಳಬಾರದ ಪ್ರಶ್ನೆಗಳನ್ನು ಕೇಳದೆ ಬದುಕಲು ಕಲಿತವಳು, ಅಷ್ಟೇ.

“ಗಂಜಿ ನೀರಾಗೈತೆ ಕರಿಯಕ್ಕ” ಎಂದಳು ಭೀಮಕ್ಕ. “ಸಾಲಿನೋರು ಸಾಯ್ತಾರೆ.”

“ನಿನ್ನ ಹೊಟ್ಟೆಗೆ ಯಾವ ಗಂಜೀನೂ ನೀರೇ ಕಣೇ” ಎಂದಳು ಕರಿಯಕ್ಕ ಎಲೆಯಡಿಕೆ ಅಗಿಯುತ್ತ. ಭೀಮಕ್ಕ ಪಟೇಲನಿಗೂ ಹೇಳಿದಳು. ಅವನು ಕೂಡಿದ ಜನಕ್ಕೆ, “ಕೇಳಿದ್ರಾ, ಕಳ್ಳಿಗೆ ಹಸಿವು ಶುರುವಾಯ್ತು” ಎಂದು ಸಾರಿದ. ಅಲ್ಲಿಗೆ ಅವಳ ಮಾತು ಮುಗಿಯಿತು. ದಪ್ಪಗಿರುವವಳು ಹಸಿವೆ ಎಂದರೆ ಅದು ಹಸಿವೆಯಲ್ಲ, ಅಭ್ಯಾಸ. ಊರಿನ ನ್ಯಾಯಶಾಸ್ತ್ರ ಅಷ್ಟರ ಮಟ್ಟಿನದು.

ಒಂದು ಸಂಜೆ ಚೌಡಕ್ಕ ಸಾಲಿನಿಂದ ಹಿಂತಿರುಗುವಾಗ ಜಗಲಿಯ ಕಂಬ ಹಿಡಿದು ನಿಂತುಬಿಟ್ಟಳು. ಭೀಮಕ್ಕ ತನ್ನ ಬಟ್ಟಲನ್ನು ಅವಳತ್ತ ಚಾಚಿದಳು. ಕರಿಯಕ್ಕ ಹಾರಿ ಬಂದು ಕೈ ಹಿಡಿದಳು.

“ಹಂಗೆಲ್ಲಾ ಕೊಡಂಗಿಲ್ಲ! ತೂಕದ ಲೆಕ್ಕ ಕೆಡ್ತೈತೆ.”

“ಅವಳ ಮುಖ ನೋಡೇ ಕರಿಯಕ್ಕ.”

“ನಾನೇನು ಮಾಡ್ಲಿ? ನನಗೆ ನಿನ್ನ ಮುಖ ನೋಡಾಕೆ ಹೇಳವ್ರೆ.”

ಇದು ಹುಂಬತನವೋ ಕ್ರೌರ್ಯವೋ ಭೀಮಕ್ಕನಿಗೆ ತಿಳಿಯಲಿಲ್ಲ. ಎರಡಕ್ಕೂ ಅವಳು ಒಂದೇ ಬೆಲೆ ಕೊಟ್ಟಳು. ಕರಿಯಕ್ಕ ಅತ್ತ ಬಾವಿಗೆ ಹೋದಾಗ ಮಾತ್ರ ಬಟ್ಟಲು ಚೌಡಕ್ಕನ ಮಡಕೆಗೆ ಬಗ್ಗಿತು. ಆದರೆ ಕರಿಯಕ್ಕನಿಗೆ ಬಾಯಾರಿಕೆ ಕಡಿಮೆ.

ಮೂವತ್ತನೆಯ ದಿನದ ಹೊತ್ತಿಗೆ ಭೀಮಕ್ಕ ಜಗಲಿಯ ಮೇಲೆ ಕೂತು ಸುಮ್ಮನೆ ಕೈ ಉಜ್ಜಿಕೊಳ್ಳುತ್ತಿದ್ದಾಗ ಬೆರಳಿಗೆ ಏನೋ ಅಲುಗಿದ ಹಾಗಾಯಿತು. ನೋಡಿದರೆ ಕಡಗ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅದು ತಿರುಗಿತ್ತು. ಅದರ ಅಡಿಯ ಚರ್ಮ ಬೆಳ್ಳಗೆ, ಹಸುಗೂಸಿನದರ ಹಾಗೆ ಮೆತ್ತಗಿತ್ತು. ಭೀಮಕ್ಕನಿಗೆ ಇಳಿದೆನಲ್ಲ ಎಂಬ ಸಂತೋಷ ಒಂದಿಷ್ಟೂ ಆಗಲಿಲ್ಲ. ಕಡಗವನ್ನು ಮೇಲಕ್ಕೆ ಒತ್ತಿ, ಸೆರಗನ್ನು ತೋಳಿಗೆ ಸುತ್ತಿ ಹಿಡಿದುಕೊಂಡಳು. ಅವತ್ತಿನಿಂದ ಎಡಗೈಯನ್ನು ತಗ್ಗಿಸಲೇ ಇಲ್ಲ. ಹರಳೆಣ್ಣೆಗೆ ಬಗ್ಗದ್ದು, ನಾಲ್ಕು ಜನ ಸೇರಿದರೂ ಬಾರದ್ದು, ಈಗ ತನ್ನಷ್ಟಕ್ಕೆ ತಾನೇ ಹೊರಟು ನಿಂತಿತ್ತು.

ಆಗಲೇ ಅವಳು ಗೋಡೆಯ ಮೇಲಿನ ಇದ್ದಿಲ ಬರಹವನ್ನು ದಿಟ್ಟಿಸಿದ್ದು. ಅಕ್ಷರ ಬಾರದಿದ್ದರೂ ಏನು ಬರೆದಿದೆ ಎಂದು ಗೊತ್ತಿತ್ತು. ಪಾಲಣ್ಣ, ಚೌಡಕ್ಕ, ಗುಂಡುಕಲ್ಲು. ಪಟೇಲ ತೂಕದ ಕಲ್ಲಿನ ಜಾಗದಲ್ಲಿ ಮನುಷ್ಯರನ್ನು ಇಟ್ಟಿದ್ದ, ಆ ಮನುಷ್ಯರಿಗೆ ತಾನೇ ನೀರು ಕುಡಿಸುತ್ತಿದ್ದ. ಇಷ್ಟು ಹೊಳೆದದ್ದೇ ಅವಳಿಗೆ ಪಟೇಲನ ಮೇಲೆ ಇದ್ದ ಸಿಟ್ಟೂ ಹೋಯಿತು, ಹೇಸಿಗೆ ಒಂದೇ ಉಳಿಯಿತು. ಅವಳು ಯಾರಿಗೂ ಏನೂ ಹೇಳಲಿಲ್ಲ. ಬಾಯಿಂದ ಹೇಳಿದ್ದು ಯಾವುದೂ ಆ ಊರಿನ ಕಿವಿಗೆ ಇಳಿಯುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು.

ನಲವತ್ತೆಂಟನೆಯ ದಿನ ಪಟೇಲ ಅಮಲ್ದಾರರ ಕೈಕೆಳಗಿನ ಶೇಕ್ದಾರರನ್ನೇ ಕರೆಸಿದ್ದ. ಭೀಮಕ್ಕನನ್ನು ತೆಗೆದುಹಾಕಿದ ಆರ್ಡರು ಅವರ ಕೈಲಿ ಅಲ್ಲೇ ಬರೆಸಿಕೊಳ್ಳುವುದು ಅವನ ಎಣಿಕೆ. ಪಂಡಿತ ಬಂದಿದ್ದ, ರೇವಣ್ಣ ಬಂದಿದ್ದ, ಸಂತೇಬೆನ್ನೂರಿನಿಂದಲೂ ಬಿಟ್ಟಿ ತಮಾಷೆಗೆ ಜನ ಬಂದಿದ್ದರು. ಮುದ್ರೆ ಬಿದ್ದ ತೂಕದ ಕಲ್ಲುಗಳು ಚನ್ನಗಿರಿಯಿಂದ ಹಿಂತಿರುಗಿ ಹುಣಸೆಮರದ ಬುಡದಲ್ಲೇ ಸಾಲಾಗಿ ಕೂತಿದ್ದವು.

“ಕಲ್ಲು ಬಂದವಲ್ರೀ ಪಟೇಲ್ರೇ. ಅವನ್ನೇ ಇಟ್ಟು ತೂಗಿ” ಎಂದರು ಶೇಕ್ದಾರರು.

“ಕಲ್ಲಿಟ್ರೆ ಆವತ್ತಿನದಕ್ಕೆ ತಾಳೆ ಆಗಲ್ಲ ಸ್ವಾಮಿ. ಅದೇ ಇಬ್ರು, ಅದೇ ಗುಂಡು. ನಮ್ಮ ಊರಾಗೆ ಮೋಸ ನಡೆಯಲ್ಲ.”

ಪಾಲಣ್ಣ ಕೋಲೂರಿಕೊಂಡು ಬಂದ. ಚೌಡಕ್ಕನನ್ನು ಇಬ್ಬರು ಹೆಂಗಸರು ಕಂಕುಳಿಗೆ ಕೈ ಕೊಟ್ಟು ತಂದು ಹಲಗೆಯ ಮೇಲೆ ಕೂರಿಸಿದರು. ಮಡಿಲಲ್ಲಿ ಗುಂಡುಕಲ್ಲು ಇಟ್ಟಾಗ ಅವಳು ಅದರ ಭಾರಕ್ಕೇ ಮುಂದಕ್ಕೆ ಬಾಗಿದಳು. ಭೀಮಕ್ಕ ಎಡಗೈ ಮೇಲೆತ್ತಿ ಹಗ್ಗ ಹಿಡಿದು ಇನ್ನೊಂದು ಹಲಗೆಯ ಮೇಲೆ ಕೂತಳು.

ಆಳು ಕೈ ಬಿಟ್ಟ. ಭೀಮಕ್ಕನ ಹಲಗೆ ಸರ್ರನೆ ಇಳಿದು ನೆಲ ಮುಟ್ಟಿತು. ಅಣ್ಣತಂಗಿ ಮೇಲಕ್ಕೆ ಹೋಗಿ ತೂಗಾಡಿದರು.

ಜನ ಬಾಯಿ ತೆರೆದರು. ಪಟೇಲ ಚಪ್ಪಾಳೆ ತಟ್ಟಿದ. “ನೋಡ್ರಪ್ಪಾ! ಆವತ್ತು ಸಮ ಇತ್ತು. ಕಾವಲಿದ್ರೂ, ಗುಡಿ ಜಗಲಿ ಮೇಲೆ ಕೂತ್ಕಂಡೇ ಇನ್ನೂ ಬೆಳೆದಾಳೆ! ಇದು ಹೆಂಗಸೋ, ರಾಗಿ ತುಂಬೋ ಹಗೇವೋ? ಬರ್ಕಳ್ಳಿ ಸ್ವಾಮಿ.” ಕಫದ ಮೈಗೆ ನೀರೂ ಕೊಬ್ಬೇ ಆಗುತ್ತದೆ, ತಾನು ಮೊದಲೇ ಹೇಳಿದ್ದೆ ಎಂದ ಪಂಡಿತ. ಅವನು ಹಾಗೆ ಹೇಳಿರಲಿಲ್ಲ.

ಆಳು ಅಣ್ಣತಂಗಿಯ ಹಲಗೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ ಮೇಲೆ ಭೀಮಕ್ಕ ಎದ್ದಳು. ಎದ್ದವಳು ಅಷ್ಟು ದಿನ ಎತ್ತಿ ಹಿಡಿದಿದ್ದ ಎಡಗೈಯನ್ನು ಕೆಳಗೆ ಬಿಟ್ಟಳು. ಕಡಗ ಮಣಿಕಟ್ಟಿಗೆ ಜಾರಿತು, ಬೆರಳ ಗೆಣ್ಣುಗಳ ಮೇಲೆ ಒಂದು ಗಳಿಗೆ ತಡೆಯಿತು, ಆಮೇಲೆ ಚಪ್ಪಡಿಕಲ್ಲಿನ ಮೇಲೆ ಠಣ್ಣೆಂದು ಬಿದ್ದು ಉರುಳಿಕೊಂಡು ಹೋಗಿ ಕರಿಯಕ್ಕನ ಕಾಲ ಹತ್ತಿರ ಮಲಗಿತು.

ಆ ಕಡಗದ ಕತೆ ಗೊತ್ತಿಲ್ಲದ ಹೆಂಗಸು ಆ ಊರಿನಲ್ಲಿ ಇರಲಿಲ್ಲ. ಅವತ್ತು ಕೈ ಹಾಕಿದ ನಾಲ್ವರಲ್ಲಿ ಮೂವರು ಅಲ್ಲೇ ನಿಂತಿದ್ದರು.

“ನಾನು ಬೆಳೆದಿದ್ರೆ ಇದು ಹೆಂಗೆ ಬಿತ್ರೇ?” ಎಂದಳು ಭೀಮಕ್ಕ. ಕೂಗಲಿಲ್ಲ. “ಎಣ್ಣೆ ಹಚ್ಚಿ ಎಳೆದೋರು ನೀವು, ನೀವೇ ಹೇಳ್ರಿ. ನಾನು ಇಳಿದೀನಿ. ಇಳಿದೋಳ ಹಲಗೆ ನೆಲ ಮುಟ್ಟಬೇಕು ಅಂದ್ರೆ ಆ ಕಡೆ ಕೂತೋರು ಎಷ್ಟು ಇಳಿದಿರಬೇಕು?” ಅವಳು ಶೇಕ್ದಾರರ ಕಡೆ ತಿರುಗಿದಳು. “ಸ್ವಾಮಿ, ಆ ಹಲಗೆ ಮೇಲೆ ಮೂರು ಅದಾವೆ. ಪಾಲಣ್ಣ, ಚೌಡಕ್ಕ, ಗುಂಡುಕಲ್ಲು. ಮೂರ್ರಾಗೆ ಗೌಡರ ಗಂಜಿ ಕುಡೀದಿದ್ದು ಕಲ್ಲು ಒಂದೇ. ಅದಕ್ಕೇ ಅದೊಂದು ಇಳಿದಿಲ್ಲ.”

ರೇವಣ್ಣ ಹೋಗಿ ಚೌಡಕ್ಕನನ್ನು ಹಲಗೆಯಿಂದ ಇಳಿಸಿ, ಅವಳ ತೋಳನ್ನು ತನ್ನ ಎರಡು ಬೆರಳಿನಲ್ಲಿ ಸುತ್ತಿ ಹಿಡಿದು ಶೇಕ್ದಾರರಿಗೆ ತೋರಿಸಿದ. ಬೆರಳು ಒಂದರ ಮೇಲೊಂದು ಕೂತಿದ್ದವು. ಶೇಕ್ದಾರರು ಎದ್ದು ಚಪ್ಪರಕ್ಕೆ ನಡೆದರು, ಕೊಪ್ಪರಿಗೆಯಲ್ಲಿ ಸೌಟು ಅದ್ದಿ ಎತ್ತಿದರು. ಗಂಜಿ ಸೌಟಿನಿಂದ ಮಳೆನೀರಿನ ಹಾಗೆ ಸುರಿಯಿತು.

“ಪಟೇಲ್ರೇ, ಉಗ್ರಾಣದ ಬೀಗದಕೈ ಇಲ್ಲಿ ಕೊಡಿ.”

ಮಲ್ಲೇಶಪ್ಪ ಉಡಿದಾರಕ್ಕೆ ಕೈ ಹಾಕಿದ. ಬೀಗದಕೈ ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಅವನ ಹಿತ್ತಲ ಕೋಣೆಯಲ್ಲಿ ಸರ್ಕಾರದ ಚೀಲ ಎಷ್ಟು ಸಿಕ್ಕವು, ಅವನು ಯಾರ ಯಾರ ಕಾಲು ಹಿಡಿದ ಎಂಬುದನ್ನೆಲ್ಲ ಹೇಳುತ್ತ ಕೂರುವಷ್ಟು ದೊಡ್ಡ ಮನುಷ್ಯ ಅವನಲ್ಲ. ಪಟೇಲಿಕೆ ಹೋಯಿತು. ಜಠರಾಗ್ನಿ ಮಾತ್ರ ಚೆನ್ನಾಗಿಯೇ ಉಳಿಯಿತು.

ಸೌಟು ಭೀಮಕ್ಕನ ಕೈಗೆ ವಾಪಸು ಬಂತು. ಜನ ಅವಳ ಸುತ್ತ ನೆರೆದರು. ನಿನ್ನೆಯವರೆಗೆ ಕಳ್ಳಿ ಎಂದ ಬಾಯಿಗಳೇ ಈಗ, ನಮಗೆ ಮೊದಲೇ ಅನುಮಾನವಿತ್ತು ಎನ್ನುತ್ತಿದ್ದವು. ಕರಿಯಕ್ಕ ಕಡಗವನ್ನು ಎತ್ತಿ ಸೆರಗಿನಲ್ಲಿ ಒರೆಸಿ ತಂದಳು.

“ಬಿದ್ದದ್ದು ಬಿತ್ತು ಭೀಮಕ್ಕ. ಮುಂಡೆ ಆದೋಳು ಮತ್ತೆ ಹಾಕ್ಕಬಾರದು. ಗುಡಿ ಹುಂಡಿಗೆ ಹಾಕ್ಬಿಡು.”

ಭೀಮಕ್ಕ ಕಡಗವನ್ನು ಕಸಿದುಕೊಂಡಳು. ಬರಿದಾದ ಕೈಯಲ್ಲಿ ಆ ಬೆಳ್ಳನೆಯ ಪಟ್ಟಿ ಕಂಡದ್ದೇ ಅವಳ ಕಣ್ಣು ತುಂಬಿ ಹರಿಯಿತು. ಅಷ್ಟು ಜನರೆದುರು ಅವಳು ಅತ್ತದ್ದು ಅದೇ ಮೊದಲು.

“ಆರು ವರ್ಷದ ಹಿಂದೆ ನನ್ನ ಗಂಡ ಜ್ವರ ಬಂದು ಸತ್ತ” ಎಂದಳು. “ಇವತ್ತು ನೀವು ಸಾಯ್ಸಿದ್ರಿ. ಒಬ್ರಲ್ಲ ಇಬ್ರಲ್ಲ, ಊರೋರೆಲ್ಲಾ ಕೂತು ಸಾಯ್ಸಿದ್ರಿ. ಹೋಗ್ರಿ ಅತ್ಲಾಗೆ.”

ಅವಳು ಕಡಗವನ್ನು ಸೊಂಟದ ನೆರಿಗೆಗೆ ಸಿಕ್ಕಿಸಿಕೊಂಡು ಚಪ್ಪರಕ್ಕೆ ಹೋದಳು. ಕೊಪ್ಪರಿಗೆಯ ನೀರನ್ನು ಅರ್ಧ ಚೆಲ್ಲಿ, ಉಗ್ರಾಣದಿಂದ ಬಂದ ಹಿಟ್ಟನ್ನು ಗಟ್ಟಿಯಾಗಿ ಕೊಳಗ ಎಣಿಸಿ ಸುರಿದು, ಸೌಟು ನಿಲ್ಲುವವರೆಗೆ ತಿರುವಿದಳು. ಮೊದಲ ಸೌಟು ಚೌಡಕ್ಕನ ಮಡಕೆಗೆ. ಎಲ್ಲರಿಗೂ ಹಾಕಿದ ಮೇಲೆ ತನ್ನ ಎರಡು ಸೌಟನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಗುಡಿಯ ಜಗಲಿಯ ನಟ್ಟನಡುವೆ, ಇದ್ದಿಲಿನ ಬರಹಕ್ಕೆ ಬೆನ್ನು ಕೊಟ್ಟು ಕೂತು ಕುಡಿದಳು.

ಮುಂದಿನ ವರ್ಷ ಮಳೆ ಬಂತು, ಗಂಜಿಮನೆ ಮುಚ್ಚಿತು, ಚೌಡಕ್ಕ ಅಣ್ಣನ ಜೊತೆ ಜಗಳೂರಿಗೆ ಹೊರಟಳು. ಹೊರಡುವ ಮುಂಚೆ ಭೀಮಕ್ಕನ ಮನೆಯಲ್ಲಿ ಉಂಡು, ಹರಳೆಣ್ಣೆ ಹಚ್ಚಿ ಆ ಕಡಗವನ್ನು ಭೀಮಕ್ಕನ ಕೈಗೆ ಏರಿಸಿ ಹೋದಳು. ವಿಧವೆಗೆ ಹೀಗೆ ಮಾಡಬಾರದು ಎಂದು ಕರಿಯಕ್ಕ ಬಾಗಿಲಲ್ಲಿ ನಿಂತು ಬಡಕೊಂಡಳು, ಇಬ್ಬರೂ ತಿರುಗಿ ನೋಡಲಿಲ್ಲ. ಹೊಸ ರಾಗಿ ಮನೆಗೆ ಬಂದು ಎರಡು ತಿಂಗಳು ಕಳೆಯುವಷ್ಟರಲ್ಲಿ ಕಡಗ ಮೊದಲಿನ ಹಾಗೆ ಮಾಂಸದಲ್ಲಿ ಕೂತಿತು. ಅದೇ ರಾಗಿಯ ಮುದ್ದೆ ಉಂಡ ಅಕ್ಕಪಕ್ಕದವರು ಹೇಗಿದ್ದರೋ ಹಾಗೇ ಇದ್ದರು.

ಊರು ಮತ್ತೆ ಕಾರಣ ಹುಡುಕಲು ಕೂತಿತು. ವಾಯು ಎಂದರು, ಹೊಳೆನೀರು ಎಂದರು, ಗ್ಲ್ಯಾಂಡು ಎನ್ನುವುದನ್ನೂ ಈಗ ಕಲಿತಿದ್ದರು. ಪಟ್ಟಿಗೆ ಹೊಸದೊಂದು ಸೇರಿತ್ತು, ಅದನ್ನು ಕರಿಯಕ್ಕನೇ ಬಾವಿಕಟ್ಟೆಯಲ್ಲಿ ಭೀಮಕ್ಕನ ಎದುರಿಗೇ ಆಡಿದಳು: “ಇವಳು ಬೇಕು ಅಂತಲೇ ಊದಿದಾಳೆ ಕಣ್ರೇ. ಗಂಡನ ಕಡಗ ಬಿಗಿಯಾಗ್ಲಿ ಅಂತ ಹಠಕ್ಕೆ ಊದಿದಾಳೆ.”

ಭೀಮಕ್ಕ ತುಂಬಿದ ಕೊಡವನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡಳು. ಅಷ್ಟು ವರ್ಷದಲ್ಲಿ ಕೇಳಿದ ಕಾರಣಗಳಲ್ಲಿ ಅದೊಂದನ್ನು ಮಾತ್ರ ಅವಳು ಅಲ್ಲ ಎನ್ನಲಿಲ್ಲ.